ಚಿಲಕವಿಲ್ಲದ ರಾತ್ರಿ

ನಮ್ಮ ಕಡೆ ಹೆಂಗಸರು ಬೆಟ್ಟ ಹತ್ತಬೇಕಾದರೆ ಮೇಲೆ ದೇವರಿರಬೇಕು. ಚಾಮುಂಡಿ ಬೆಟ್ಟಕ್ಕೆ ಹರಕೆ, ಮುಳ್ಳಯ್ಯನಗಿರಿಗೆ ಗದ್ದುಗೆಯ ದರ್ಶನ. ಸುಮ್ಮನೆ ಬೆಟ್ಟ ನೋಡಿಕೊಂಡು ಬರುತ್ತೇನೆ ಎಂದು ಹೇಳಿ ನೋಡಿ, "ಮಂಡಿನೋವು ಹೋಯಿತೇನು?" ಎಂದು ಮನೆಮಂದಿಯೆಲ್ಲ ಕೇಳುತ್ತಾರೆ.

2019ರ ಜುಲೈನಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ನಮ್ಮವರು ತೀರಿಕೊಂಡು ವರ್ಷ ತುಂಬಿತ್ತು. ಹಾಸನದ ಮನೆಯಲ್ಲಿ ನಾನೊಬ್ಬಳೇ. ರಾತ್ರಿ ಮೂರು ಸಲ ಎದ್ದು ಚಿಲಕ ಮುಟ್ಟಿ ನೋಡದೆ ನಿದ್ದೆ ಹತ್ತುತ್ತಿರಲಿಲ್ಲ. "ಆ ಮನೆ ಮಾರಿಬಿಡಮ್ಮ, ನಮ್ಮ ಜೊತೆ ಇದ್ದುಬಿಡು" ಎಂದು ಬೆಂಗಳೂರಿನ ಮಗ ಫೋನು ಮಾಡಿದಾಗಲೆಲ್ಲ ಹೇಳುತ್ತಿದ್ದ. ಅಮೆರಿಕದಿಂದ ಬಂದು ಹೇಳುತ್ತೇನೆ ಎಂದು ತಪ್ಪಿಸಿಕೊಂಡು ಬಂದಿದ್ದೆ.

ಒಂದು ಶುಕ್ರವಾರ ಮಗಳು, "ಅಮ್ಮ, ನಾಳೆ ಮೌಂಟ್ ಮಿಚೆಲ್‌ಗೆ ಹೋಗೋಣ. ರಾತ್ರಿ ಡೇರೆಯಲ್ಲಿ ಮಲಗೋದು" ಎಂದಳು. ಅಳಿಯಂದಿರು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. "ಗಂಡಸರಿಲ್ಲದೆ ಕಾಡಿನಲ್ಲೇನೇ?" ಎಂದೆ. ಅವಳು ನಕ್ಕು ನನ್ನ ಸ್ವೆಟರನ್ನು ಚೀಲಕ್ಕೆ ತುಂಬಿದಳು.

ಮೌಂಟ್ ಮಿಚೆಲ್ ಆ ರಾಜ್ಯ ಸರ್ಕಾರದ ಉದ್ಯಾನ. ಮರದ ವ್ಯಾಪಾರಿಗಳು ಬೆಟ್ಟವನ್ನು ಬೋಳಿಸುತ್ತಿದ್ದುದನ್ನು ಕಂಡು 1915ರಲ್ಲಿ ಅದನ್ನು ಕಾಪಾಡಲೆಂದು ಮಾಡಿದ್ದು. ಆ ರಾಜ್ಯದಲ್ಲಿ ಇಂಥದ್ದು ಅದೇ ಮೊದಲನೆಯದು. ಎತ್ತರ 6,684 ಅಡಿ. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 350 ಅಡಿ ಹೆಚ್ಚು, ಅಷ್ಟೇ! ಆದರೆ ಮಿಸಿಸಿಪಿ ನದಿಯ ಪೂರ್ವಕ್ಕೆ ಇದಕ್ಕಿಂತ ಎತ್ತರದ ಶಿಖರವಿಲ್ಲ. ಪ್ರವೇಶಕ್ಕೆ ದುಡ್ಡಿಲ್ಲ, ಡೇರೆಯ ಜಾಗಕ್ಕೆ ಮಾತ್ರ ಬಾಡಿಗೆ. ಇದ್ದ ಜಾಗಗಳೂ ಒಂಬತ್ತೇ. ನಲ್ಲಿ, ಶೌಚಾಲಯ ಇವೆ. ಸ್ನಾನದ ಮನೆ ಇಲ್ಲ, ಬಿಸಿನೀರಂತೂ ಇಲ್ಲವೇ ಇಲ್ಲ. ಸ್ನಾನವಿಲ್ಲದೆ ಕಾಫಿಯನ್ನೂ ಮುಟ್ಟದ ನನ್ನಂಥವಳ ಗತಿ ಏನೆಂದು ನೀವೇ ಊಹಿಸಿಕೊಳ್ಳಿ.

ತುದಿಯವರೆಗೂ ಹೆಚ್ಚು ನಡೆಯಬೇಕಿಲ್ಲ, ಕಾರು ಹತ್ತಿರದವರೆಗೆ ಹೋಗುತ್ತದೆ. ದಾರಿಯುದ್ದಕ್ಕೂ ಒಣಗಿ ಬೆಳ್ಳಗಾದ ಮರಗಳು ನಿಂತಿದ್ದವು. ಫ್ರೇಸರ್ ಫರ್ ಎನ್ನುವ ಜಾತಿ. ಯೂರೋಪಿನಿಂದ ಬಂದ, ಕಣ್ಣಿಗೆ ಕಾಣಿಸದಷ್ಟು ಸಣ್ಣ ಕೀಟ ರಸ ಹೀರಿ ಅವನ್ನು ಕೊಂದಿದೆಯಂತೆ. ಬುಡದಲ್ಲಿ ಅದೇ ಜಾತಿಯ ಎಳೆಯ ಗಿಡಗಳು ಮೊಣಕಾಲೆತ್ತರ ಬೆಳೆದಿದ್ದವು.

ಮೇಲೆ ಗುಡಿಯಿಲ್ಲ. ಇರುವುದು ಒಬ್ಬ ಮೇಷ್ಟರ ಸಮಾಧಿ! ಎಲೈಷಾ ಮಿಚೆಲ್ ಎಂಬ ಪ್ರಾಧ್ಯಾಪಕರು 1835ರಲ್ಲಿ ಗಾಳಿಯ ಒತ್ತಡ ಅಳೆಯುವ ಉಪಕರಣ ಹಿಡಿದು ಈ ಬೆಟ್ಟಗಳನ್ನು ಅಳೆದರು. ಆಮೇಲೆ ಅವರ ಶಿಷ್ಯನಾಗಿದ್ದ ಥಾಮಸ್ ಕ್ಲಿಂಗ್‌ಮನ್ ಎಂಬ ರಾಜಕಾರಣಿ, ಅತಿ ಎತ್ತರದ ಶಿಖರವನ್ನು ಅಳೆದದ್ದು ನೀವಲ್ಲ, ನಾನು ಎಂದು ವಾದಕ್ಕಿಳಿದ. ಲೆಕ್ಕ ಸರಿಯೆಂದು ತೋರಿಸಲು ಮೇಷ್ಟರು 1857ರಲ್ಲಿ ಮತ್ತೆ ಬೆಟ್ಟಕ್ಕೆ ಬಂದು, ಜಲಪಾತವೊಂದರ ಬಳಿ ಜಾರಿಬಿದ್ದು ತೀರಿಕೊಂಡರು. ಆಗ ಅವರಿಗೆ ಅರವತ್ತಮೂರು. ಮರುವರ್ಷ ಶಿಖರದ ಮೇಲೆಯೇ ಮಣ್ಣು ಮಾಡಿದರು. ನನಗಾಗ ಅರವತ್ತೆರಡು. ಕಲ್ಲಿನ ಮುಂದೆ ಕೈ ಮುಗಿದೆ, ದೇವರೆಂದಲ್ಲ, ಹಠಕ್ಕೆ.

ಅಲ್ಲಿಂದ ಮೈಲಿ ದೂರದ ಕ್ರೇಗ್ ಶಿಖರಕ್ಕೆ ಕಾಲುದಾರಿ. ಬಂಡೆ, ಬೇರು, ಕೆಸರು. ಸೀರೆ ಬಿಟ್ಟು ಚೂಡಿದಾರ ಹಾಕಿದ್ದಕ್ಕೆ ಬದುಕಿದೆ. ಮಗಳು ಕೈ ಕೊಡಲು ತಿರುಗಿದರೆ, "ಮುಂದೆ ನೋಡಿ ನಡಿಯೇ, ನಾನು ಬರ್ತೀನಿ" ಎಂದೆ. ಹಾಗೆ ಹೇಳಿ ಎಷ್ಟೋ ದಿನವಾಗಿತ್ತು.

ರಾತ್ರಿ ಚಿತ್ರಾನ್ನ ತಿಂದು, ಉಳಿದದ್ದನ್ನೂ ಚಟ್ನಿಪುಡಿಯ ಡಬ್ಬಿಯನ್ನೂ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದೆವು. ವಾಸನೆಗೆ ಕರಡಿ ಬರುತ್ತದಂತೆ. ಡೇರೆಗೆ ಚಿಲಕವೆಲ್ಲಿ? ಬರೀ ಒಂದು ಜಿಪ್ಪು. "ಇದೇನೇ ಬಾಗಿಲು!" ಎಂದೆ.

"ಬಾಗಿಲು ಭದ್ರ ಅಂತ ಅಲ್ಲಮ್ಮ ನಿದ್ದೆ ಬರೋದು," ಎಂದಳು ಮಗಳು. "ಇವರು ಊರಲ್ಲಿಲ್ಲದಾಗ ನನಗೂ ಹೆದರಿಕೆ ಆಗ್ತಿತ್ತು. ಒಬ್ಬಳೇ ಇಲ್ಲಿಗೆ ಬಂದು ಮಲಗೋದು ಕಲಿತೆ."

ಅವಳಿಗೆ ಹೆದರಿಕೆ ಎಂಬುದು ಇತ್ತೆಂದು ನನಗೆ ಗೊತ್ತಾದದ್ದೇ ಅಂದು. ಆಮೇಲೆ ಅಪ್ಪನ ಮಾತು ಬಂತು. ವರ್ಷದಿಂದ ಫೋನಿನಲ್ಲಿ ಇಬ್ಬರೂ ಎತ್ತದ ಮಾತು. ಇಬ್ಬರೂ ಅತ್ತೆವು, ಯಾವುದಕ್ಕೋ ನಕ್ಕೆವು. ಗಾಳಿ ಡೇರೆಯನ್ನು ಪಟಪಟ ಬಡಿಯುತ್ತಿತ್ತು. ನಾನು ಜಿಪ್ಪನ್ನು ಒಂದೇ ಸಲ ಮುಟ್ಟಿ ನೋಡಿದೆ. ಕಣ್ಣುಬಿಟ್ಟಾಗ ಬೆಳಗಾಗಿತ್ತು.

ಹಾಸನದ ಮನೆಯನ್ನು ಮಾರಲಿಲ್ಲ. ಮಗ ನಾಲ್ಕು ದಿನ ಮುನಿಸಿಕೊಂಡಿದ್ದ, ಈಗ ಮಕ್ಕಳನ್ನು ರಜೆಗೆ ಅಲ್ಲಿಗೇ ಕಳಿಸುತ್ತಾನೆ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಆ ಬೆಟ್ಟಗಳ ಮೇಲೆ ಬಿದ್ದು, ಮರ ಉರುಳಿ, ರಸ್ತೆ ಕೊಚ್ಚಿ, ಉದ್ಯಾನವನ್ನು ಬಹಳ ಕಾಲ ಮುಚ್ಚಬೇಕಾಯಿತು. ಸುದ್ದಿ ಕೇಳಿ ನಮ್ಮೂರಿಗೇ ಹಾಗಾದಷ್ಟು ಸಂಕಟಪಟ್ಟೆ.

ನಮ್ಮ ಬೀದಿಯ ಐದಾರು ಹೆಂಗಸರು ವರ್ಷಕ್ಕೊಮ್ಮೆ ಮುಳ್ಳಯ್ಯನಗಿರಿಗೆ ಹೋಗುತ್ತೇವೆ. ದರ್ಶನ ಮುಗಿದ ಮೇಲೂ ಕೆಳಗಿಳಿಯುವ ಅವಸರ ಮಾಡುವುದಿಲ್ಲ. ನಿಮ್ಮ ಮನೆಯಲ್ಲಿ ಯಾಕೆಂದು ಕೇಳಿದರೆ, ಬೆಟ್ಟ ಅಳೆಯಲು ಹೋಗುತ್ತೇನೆ ಎಂದುಬಿಡಿ.