ಉರುಳಿದ ಗಂಟೆ, ನಿಂತ ಗಂಟೆ

ದೂರದ ಊರಿಗೆ ಕಾರಿನಲ್ಲಿ ಹೋಗುವ ಮಾತು ಬಂದರೆ ಎಲ್ಲರೂ ಪೆಟ್ರೋಲಿನ ಲೆಕ್ಕ ಹಾಕುತ್ತಾರೆ, ಟೋಲ್ ಲೆಕ್ಕ ಹಾಕುತ್ತಾರೆ. ಸಮಯದ ಲೆಕ್ಕ ಹಾಕುವವರು ಕಡಿಮೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತು ವರ್ಷಕ್ಕೂ ಮೇಲೆ ಜಮಾ-ಖರ್ಚು ಬರೆದ ನನಗೆ ಮಾತ್ರ ಗಂಟೆಗಳೂ ರೂಪಾಯಿಯಂತೆಯೇ ಕಾಣುತ್ತವೆ.

ಕಳೆದ ದಸರೆಯಲ್ಲಿ ಮಗನಿಗೆ ಮೂರು ದಿನ ರಜೆ ಸಿಕ್ಕಿತು. ಬೆಂಗಳೂರಿನಿಂದ ಗೋವಾಕ್ಕೆ ಹೋಗಿಬರೋಣ ಎಂದು ಮನೆಯಲ್ಲಿ ಮಾತಾಯಿತು. ಏಳನೇ ತರಗತಿಯ ಮೊಮ್ಮಗಳಿಗೆ ಸಮುದ್ರದ್ದೇ ಕನಸು. ಇತ್ತ ನಾಗಮಂಗಲದಲ್ಲಿ ಎಂಬತ್ತೆರಡು ವರ್ಷದ ನನ್ನ ಅಕ್ಕ ಇದ್ದಾಳೆ. ಮಂಡಿನೋವು, ಎಲ್ಲಿಗೂ ಬರಲಾರಳು. "ಮಕ್ಕಳನ್ನ ಒಂದ್ಸಲ ಕರ್ಕೊಂಡು ಬಾರೋ" ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದಳು. ನನ್ನ ಮನಸ್ಸು ಅತ್ತ ಎಳೆಯುತ್ತಿತ್ತು. ಹಾಗೆಂದು ಮಕ್ಕಳ ಆಸೆಯನ್ನು ದೊಡ್ಡವರ ದನಿಯಲ್ಲಿ ಅಡಗಿಸುವುದು ಸರಿಯಲ್ಲ. ಮೊಮ್ಮಗಳ ಕೈಗೆ ಪೆನ್ಸಿಲ್ ಕೊಟ್ಟು, "ನೀನೇ ಲೆಕ್ಕ ಹಾಕಮ್ಮ" ಎಂದೆ.

ಗೋವಾ 550 ಕಿಲೋಮೀಟರಿಗೂ ಹೆಚ್ಚು ದೂರ. ಊಟ-ತಿಂಡಿಗೆ ನಿಲ್ಲುವುದೂ ಸೇರಿ ಹೋಗಲು 12 ಗಂಟೆ, ಬರಲು 12 ಗಂಟೆ. ದಿನಕ್ಕೆ ಎಚ್ಚರವಾಗಿರುವುದು 14 ಗಂಟೆ ಎಂದುಕೊಂಡರೆ ಮೂರು ದಿನಕ್ಕೆ 42. ಅದರಲ್ಲಿ 24 ಕಳೆದರೆ ಕೈಗೆ ಉಳಿಯುವುದು 18.

ಇನ್ನೊಂದು ಪುಟದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸುತ್ತಿಬರುವ ಲೆಕ್ಕ. ಎಲ್ಲ ಸೇರಿ ಸುಮಾರು 400 ಕಿಲೋಮೀಟರ್. ಹಳ್ಳಿ ರಸ್ತೆಯೂ ಇರುವುದರಿಂದ 10 ಗಂಟೆ ಬೇಕು. ಎರಡು ದಿನದ 28 ಗಂಟೆಯಲ್ಲಿ 10 ಕಳೆದರೆ ಇಲ್ಲೂ 18! "ಅಯ್ಯೋ ತಾತ, ಒಂದು ದಿನ ಉಳೀತು" ಎಂದಳು. ಮರುಕ್ಷಣವೇ, "ಆದ್ರೆ ಮಂಡ್ಯದಲ್ಲಿ ಸಮುದ್ರ ಇಲ್ವಲ್ಲ" ಎಂದಳು. ಅದೂ ನಿಜ. ಸಮುದ್ರವನ್ನು ಬೇಸಿಗೆ ರಜೆಗೆ ಎತ್ತಿಟ್ಟು, ಈಗ ಅಕ್ಕನ ಊರಿನ ಕಡೆ ಎಂದು ತೀರ್ಮಾನವಾಯಿತು.

ಬೆಂಗಳೂರು-ಮೈಸೂರು ಹೊಸ ಹೆದ್ದಾರಿ 2023ರಲ್ಲಿ ಉದ್ಘಾಟನೆಯಾಯಿತು. ಅದರಲ್ಲಿ ಬೇಗ ಹೋಗಬಹುದು. ಆದರೆ ಚನ್ನಪಟ್ಟಣದ ಬೊಂಬೆ ಅಂಗಡಿ, ಮದ್ದೂರಿನ ಪೇಟೆ ಎಲ್ಲ ಪಕ್ಕಕ್ಕೆ ಉಳಿದುಬಿಡುತ್ತವೆ. ಅಲ್ಲಿ ಉಳಿಸಿದ ಸಮಯವನ್ನು ನಾವು ಶ್ರೀರಂಗಪಟ್ಟಣದಲ್ಲಿ ಖರ್ಚು ಮಾಡಿದೆವು.

ಊರಿನ ಸುತ್ತ ಕಾವೇರಿ. ಊರೇ ಒಂದು ದ್ವೀಪ. ರಂಗನಾಥನ ದರ್ಶನ ಮಾಡಿ, 1784ರಲ್ಲಿ ಕಟ್ಟಿದ ದರಿಯಾ ದೌಲತ್‌ಗೆ ಹೋದೆವು. ಅದರ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರದಲ್ಲಿ ಆನೆ, ಕುದುರೆ, ಸೈನಿಕರನ್ನು ನೋಡುತ್ತಾ ಮಕ್ಕಳು ಅಲ್ಲೇ ನಿಂತುಬಿಟ್ಟರು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದದ್ದು ಇದೇ ಊರಿನ ಕೋಟೆಯಲ್ಲಿ. ಮಕ್ಕಳಿಗೆ ಬಹಳ ಹಿಡಿಸಿದ್ದು ಮಾತ್ರ ಟಿಪ್ಪುವಿನ ಶಸ್ತ್ರಾಗಾರದ ಕತೆ. ಜೋಡಿ ರೈಲು ಹಳಿಗೆ ಅದು ಅಡ್ಡ ಬಂದಿತ್ತು. ಕೆಡವಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನೇ ಜಾಕ್ ಕೊಟ್ಟು ಎತ್ತಿ ಸುಮಾರು 100 ಮೀಟರ್ ಆಚೆಗೆ ಸರಿಸಿದರು. "ಹಾಗಾದ್ರೆ ಅದೂ ಪ್ರವಾಸ ಹೋಗಿದೆ" ಎಂದ ಚಿಕ್ಕ ಮೊಮ್ಮಗ.

ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂದೂ ಫ್ರೆಂಚ್ ರಾಕ್ಸ್ ಎಂದೂ ಹೆಸರಿತ್ತು. ಹೈದರ್, ಟಿಪ್ಪು ಕಾಲದಲ್ಲಿ ಅವರ ನೆರವಿಗಿದ್ದ ಫ್ರೆಂಚ್ ಪಡೆ ಇಲ್ಲಿ ಬೀಡುಬಿಟ್ಟಿತ್ತು. ಕುಂತಿಬೆಟ್ಟವನ್ನು ಕೆಳಗಿನಿಂದಲೇ ನೋಡಿ ತೊಣ್ಣೂರಿಗೆ ಹೋದೆವು. ಗುಡ್ಡಗಳ ನಡುವೆ ಹರಡಿದ ದೊಡ್ಡ ಕೆರೆ, ಗಾಳಿಗೆ ಸಣ್ಣ ಅಲೆ. "ಸದ್ಯಕ್ಕೆ ಇದೇ ಸಮುದ್ರ" ಎಂದು ಮೊಮ್ಮಗಳು ನಕ್ಕಳು.

ರಾತ್ರಿ ಮೇಲುಕೋಟೆಯಲ್ಲಿ ತಂಗಿದೆವು. ಬೆಳಿಗ್ಗೆ ಮಕ್ಕಳು ಯೋಗನರಸಿಂಹನ ಬೆಟ್ಟ ಹತ್ತಿದರು; ನಾನು ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತೆ. ಆಮೇಲೆ ಎಲ್ಲರಿಗೂ ಪುಳಿಯೋಗರೆ.

ಕೆ.ಆರ್. ಪೇಟೆಗೆ ಅಂಟಿದಂತೆಯೇ ಹೊಸಹೊಳಲು. ಅಲ್ಲಿನ ಲಕ್ಷ್ಮೀನಾರಾಯಣ ದೇವಾಲಯ 13ನೇ ಶತಮಾನದ ಹೊಯ್ಸಳರ ಕಟ್ಟಡ, ಮೂರು ಗರ್ಭಗುಡಿಗಳದ್ದು. ಹೊರಗೋಡೆಯ ಬುಡದಲ್ಲಿ ಪಟ್ಟಿಯ ಮೇಲೆ ಪಟ್ಟಿ: ಆನೆ, ಕುದುರೆ, ಬಳ್ಳಿ, ಪುರಾಣದ ಕತೆ, ಮಕರ, ಹಂಸ. ಇದೇ ತಾಲ್ಲೂಕಿನ ಕಿಕ್ಕೇರಿಯಲ್ಲಿ 1171ರ ಬ್ರಹ್ಮೇಶ್ವರ ದೇವಾಲಯವಿದೆ. 'ಮೈಸೂರ ಮಲ್ಲಿಗೆ'ಯ ಕವಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದೂ ಈ ಊರಿನಲ್ಲೇ, 1915ರಲ್ಲಿ. ಅಲ್ಲಿಗೂ ಹೋದರೆ ಅಕ್ಕನ ಪಾಲಿನ ಒಂದು ಗಂಟೆ ಖೋತಾ ಆಗುತ್ತಿತ್ತು. ಬಿಟ್ಟೆವು. ದಾರಿಯಲ್ಲಿ ಒಂದು ಆಲೆಮನೆ ಹತ್ತಿರ ನಿಂತು ಬಿಸಿಬೆಲ್ಲ ಬಾಯಿಗೆ ಹಾಕಿಕೊಂಡೆವು.

ನಾಗಮಂಗಲಕ್ಕೆ ಬಂದಾಗ ಊಟದ ಹೊತ್ತು. ಮುದ್ದೆ, ಬಸ್ಸಾರು ಕಾದಿತ್ತು. ಊಟವಾದ ಮೇಲೆ ಕಂಬದಹಳ್ಳಿಯ ಜೈನ ಬಸದಿಗಳನ್ನೂ ಮಾನಸ್ತಂಭವನ್ನೂ ನೋಡಿಬರುವುದೆಂದು ಗೊತ್ತುಮಾಡಿದ್ದೆವು. ಅಷ್ಟರಲ್ಲಿ ಅಕ್ಕ ಮಾತು ತೆಗೆದಳು. ತಾನು ಹುಡುಗಿಯಾಗಿದ್ದಾಗ ಗಾಡಿ ಕಟ್ಟಿಕೊಂಡು ಮೇಲುಕೋಟೆಯ ವೈರಮುಡಿಗೆ ಹೋಗುತ್ತಿದ್ದುದು, ತೋಪಿನಲ್ಲಿ ಎತ್ತು ಬಿಚ್ಚಿ ಬುತ್ತಿ ಉಣ್ಣುತ್ತಿದ್ದುದು, ಅಕ್ಕಪಕ್ಕದ ಗಾಡಿಯವರೊಡನೆ ಹಾಡು ಹೇಳುತ್ತಿದ್ದುದು. "ಅರ್ಧ ಜಾತ್ರೆ ದಾರೀಲೇ ಆಗ್ಬಿಡೋದು ಕಣವ್ವ" ಎಂದಳು. ಹೊರಡುವ ಹೊತ್ತಾದಾಗ ಮೊಮ್ಮಗಳು, "ಕಂಬದಹಳ್ಳಿ ಇನ್ನೊಂದ್ಸಲ ನೋಡೋಣ ತಾತ. ಅಜ್ಜಿ ಕತೆ ಇನ್ನೂ ಮುಗಿದಿಲ್ಲ" ಎಂದಳು. ಸಂಜೆಯಾದ ಮೇಲೆ ಸೌಮ್ಯಕೇಶವನಿಗೆ ಕೈಮುಗಿದು ಹೊರಟೆವು.

ಕಾರಿನಲ್ಲಿ ಅವಳು ಕೇಳಿದಳು: "ಆಲೆಮನೆ ಹತ್ರ ನಿಂತಿದ್ದನ್ನ ಯಾವ ಕಡೆ ಬರೀಬೇಕು? ಪ್ರಯಾಣಕ್ಕೋ, ನೋಡಿದ್ದಕ್ಕೋ?" ಬಿ.ಕಾಂ. ಓದಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. "ಜಮಾ ಕಡೆಗೇ ಬರಿ" ಎಂದೆ.

ದೂರದ ಪ್ರಯಾಣ ದಂಡ ಎಂದು ನಾನು ಹೇಳುವುದಿಲ್ಲ. ಉರುಳಿದ ಗಂಟೆಗಿಂತ ನಿಂತ ಗಂಟೆ ಹೆಚ್ಚಿರಬೇಕು, ಅಷ್ಟೇ. ಗೋವಾಕ್ಕೆ ಮೂರು ದಿನದ ಬದಲು ಆರು ದಿನ ಇಟ್ಟರೆ 84 ಗಂಟೆಯಲ್ಲಿ 24 ಕಳೆದು 60 ಉಳಿಯುತ್ತದೆ. ಆಗ ಧಾರಾಳವಾಗಿ ಹೋಗಬಹುದು. ದಾರಿಯಲ್ಲಿ ಮನಸ್ಸು ಬಂದಲ್ಲಿ ನಿಲ್ಲುವಂತಿದ್ದರೆ ಇನ್ನೂ ಒಳ್ಳೆಯದು.

ಮಕ್ಕಳೇ, ಮುಂದಿನ ರಜೆಗೆ ಈ ಲೆಕ್ಕವನ್ನು ನೀವೇ ಹಾಕಿ. ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುವುದುಂಟು, ಆ ಹೊತ್ತನ್ನು ಊಟಕ್ಕೆ ಇಡಿ. ದಾರಿಯಲ್ಲಿ ಯಾರಾದರೂ ಹಿರಿಯರ ಮನೆ ಇದ್ದರೆ ಅವರಿಗೆ ಮೊದಲೇ ಫೋನ್ ಮಾಡಿ, ಆ ಗಂಟೆಗಳನ್ನು ಮೊದಲು ಬರೆದಿಟ್ಟು ಉಳಿದದ್ದನ್ನು ಆಮೇಲೆ ಹಂಚಿ. ನಮ್ಮ ಮನೆಯಲ್ಲಿ ಬೇಸಿಗೆಯ ಆರು ದಿನದ ಪಟ್ಟಿ ಈಗಾಗಲೇ ಸಿದ್ಧವಾಗಿದೆ. ಅದರ ಕೊನೆಯ ಸಾಲಿನಲ್ಲಿ ಮೊಮ್ಮಗಳು ಸೇರಿಸಿದ್ದಾಳೆ: "ವಾಪಸ್ ಬಂದ ಮೇಲೆ ನಾಗಮಂಗಲ, ಒಂದು ದಿನ."