ಮನಸ್ಸಿನ ಭಾರವೂ ಔಷಧದಾನವೂ

ಮನೋವ್ಯಾಧಿ ಮಹಾನಗರಗಳ ಶಾಪವೆಂಬ ನಂಬಿಕೆ ಸಣ್ಣ ಪಟ್ಟಣಗಳಲ್ಲಿ ದೃಢವಾಗಿದೆ. ಇದು ಪೂರ್ಣ ನಿರಾಧಾರವೂ ಅಲ್ಲ. ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಮನೋವ್ಯಾಧಿಯ ಪ್ರಮಾಣ ಮಹಾನಗರಗಳಲ್ಲಿ ಶೇಕಡ 13.5, ಗ್ರಾಮಗಳಲ್ಲಿ 6.9, ಇತರ ಪಟ್ಟಣಗಳಲ್ಲಿ 4.3 ಎಂದು ಕಂಡುಬಂದಿತು.

ಆದರೆ ಚಿಕ್ಕಬಳ್ಳಾಪುರವನ್ನು ಇವುಗಳಲ್ಲಿ ಯಾವುದಕ್ಕೆ ಸೇರಿಸುವುದು? ನಸುಕಿನಲ್ಲಿ ಅಲ್ಲಿಂದ ಬಸ್ಸಿನಲ್ಲಿ, ಗೌರಿಬಿದನೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಹೊರಟು ರಾತ್ರಿ ಮರಳುವವರು ಪಟ್ಟಣದಲ್ಲಿ ಮಲಗಿ ಮಹಾನಗರದಲ್ಲಿ ಬಾಳುತ್ತಾರೆ. ಊರಿನಲ್ಲೇ ಉಳಿದವರಿಗೂ ನಿಶ್ಚಿಂತೆಯಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಗೆ ತಂದ ರೇಷ್ಮೆಗೂಡನ್ನು ಬೆಲೆ ಏರಲೆಂದು ಬಹುದಿನ ಇರಿಸಿಕೊಳ್ಳುವಂತಿಲ್ಲ. ಚಿಂತಾಮಣಿಯ ಟೊಮೆಟೊ ಕೂಡ ಕಾಯುವುದಿಲ್ಲ. ಬೆಳೆದವರ, ಕೊಂಡವರ, ಸಾಲ ಕೊಟ್ಟವರ ನಿದ್ರೆಯೆಲ್ಲವೂ ಅಂದಂದಿನ ಹರಾಜಿಗೆ ಒತ್ತೆಯಾಗಿದೆ.

ಪೂರ್ವಾಚಾರ್ಯರು ಈ ತಳಮಳವನ್ನು ಬಲ್ಲವರು. ಅನಿಷ್ಟದ ಸಂಯೋಗ, ಇಷ್ಟದ ವಿಯೋಗ, ವೇದನೆ, ಮುಂದಿನ ಭೋಗದ ಹಂಬಲ ಎಂದು ತತ್ತ್ವಾರ್ಥಸೂತ್ರವು ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ. 48 ನಿಮಿಷಗಳ ಸಾಮಾಯಿಕವೂ ಪರಿಗ್ರಹಕ್ಕೆ ಹಾಕಿಕೊಳ್ಳುವ ಮಿತಿಯೂ ದಿನನಿತ್ಯದ ಚಿಂತೆಗೆ ಕಡಿವಾಣಗಳೇ ಸರಿ.

ಆದರೆ ಚಿಂತೆ ಬೇರೆ, ರೋಗ ಬೇರೆ. ವಾರಗಟ್ಟಲೆ ನಿದ್ರೆಯಿಲ್ಲದೆ, ಅನ್ನ ಸೇರದೆ, ಬದುಕೇ ಬೇಡವೆನಿಸಿದವರಿಗೆ ವೈದ್ಯರ ನೆರವು ಬೇಕು. ಅಂತಹವರಿಗೆ ಶ್ರದ್ಧೆ ಸಾಲದೆಂದೋ, ಪೂರ್ವಕರ್ಮದ ಫಲವೆಂದೋ ಹೇಳಿ ಕೈತೊಳೆದುಕೊಳ್ಳುವುದು ಮಾತಿನಿಂದಾಗುವ ಹಿಂಸೆ. ಜ್ವರವೂ ಕರ್ಮೋದಯವೇ, ಆದರೂ ಅದಕ್ಕೆ ಮದ್ದು ಕೊಡದ ಮನೆಯಿಲ್ಲ. ಮಗಳ ಸಂಬಂಧ ತಪ್ಪೀತೆಂಬ ಭಯದಿಂದ ತಾಯಿಯ ಖಿನ್ನತೆಯನ್ನು ಮುಚ್ಚಿಡುವ ಕುಟುಂಬವು ಮರ್ಯಾದೆಯನ್ನು ಉಳಿಸಿಕೊಂಡು ತಾಯಿಯನ್ನು ಕಳೆದುಕೊಳ್ಳಬಹುದು.

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಲ್ಲಿ ಎರಡು ಇಲ್ಲಿಗೇ ಸಲ್ಲುತ್ತವೆ. ಚಿಕಿತ್ಸೆಗೆ ಕರೆದೊಯ್ಯುವುದು ಔಷಧದಾನ. ನಾಚಿಕೆಯಿಲ್ಲದೆ ಹೇಳಿಕೊಳ್ಳುವಂತೆ ಮಾಡುವುದು ಅಭಯದಾನ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯೂ ಚಿಕಿತ್ಸೆಯನ್ನು ಹಕ್ಕೆಂದು ಮನ್ನಿಸಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು. ಬಸದಿಯ ಸೂಚನಾಫಲಕದಲ್ಲಿ ಅಭಿಷೇಕದ ವೇಳೆಯ ಪಕ್ಕದಲ್ಲಿ ಈ ಐದು ಅಂಕಿಗಳಿಗೂ ಸ್ಥಳ ಕೊಡುವುದು ಯಾವ ಟ್ರಸ್ಟಿಗೂ ಭಾರವಾಗದು. ಅದನ್ನು ಓದಿ ಯಾರೋ ಒಬ್ಬರು ಕರೆಮಾಡಿದರೂ ಆ ಫಲಕ ಸಾರ್ಥಕ.