ಈ ವಿಳಾಸ ಕೊಟ್ಟವರು ಯಾರು?

ಅರೆಕೆರೆಯಲ್ಲಿ ಮನೆ ಹುಡುಕಿಕೊಂಡು ಬರುವವರು ಬಡಾವಣೆಯ ಹೆಸರನ್ನು ಪೂರ್ತಿ ಕೇಳಿ ತಿಳಿದುಕೊಂಡೇ ಹೊರಡಬೇಕು. ಬನ್ನೇರುಘಟ್ಟ ರಸ್ತೆಯಿಂದ ಒಳಗೆ ಹೋದರೆ ಸಿಗುವುದು ಅರೆಕೆರೆ ಮೈಕೋ ಲೇಔಟ್. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಬಿಟಿಎಂ ಎರಡನೇ ಹಂತದಲ್ಲಿ ಇನ್ನೊಂದು ಮೈಕೋ ಲೇಔಟ್ ಇದೆ. ಆ ಹೆಸರಿನ ಪೊಲೀಸ್ ಠಾಣೆ ಇರುವುದೂ ಅಲ್ಲೇ. ಎರಡಕ್ಕೂ ಪಿನ್ ಕೋಡ್ 560076. ಎರಡೂ ಕಡೆ ಮೇನ್‌ಗಳಿವೆ, ಕ್ರಾಸ್‌ಗಳಿವೆ, ಎಣಿಕೆ ಒಂದರಿಂದಲೇ ಶುರುವಾಗುತ್ತದೆ. ‘ಮೈಕೋ ಲೇಔಟ್, ಒಂದನೇ ಮೇನ್’ ಎಂದಷ್ಟೇ ಬರೆದರೆ ಪಾರ್ಸೆಲ್ ಎಲ್ಲಿಗೆ ಹೋಗುತ್ತದೆಂದು ಹೇಳುವುದು ಕಷ್ಟ. ಹೀಗಾದದ್ದು ಅಂಕಿಗಳು ಮುಗಿದುಹೋದವೆಂದಲ್ಲ. ಆಯಾ ಬಡಾವಣೆ ಮಾಡಿದವರು ತಮ್ಮ ತಮ್ಮ ನಕ್ಷೆ ಬಿಡಿಸಿಕೊಂಡು, ಪಕ್ಕದ ನಕ್ಷೆಯ ಗೊಡವೆಯಿಲ್ಲದೆ ನಂಬರು ಹಾಕುತ್ತ ಹೋದರು, ಅಷ್ಟೆ. ಮನೆಯೊಳಗಿನ ನೆಟ್‌ವರ್ಕ್‌ನಲ್ಲಿ ಎರಡು ಉಪಕರಣಗಳು ಒಂದೇ ಐಪಿ ವಿಳಾಸ ಹಿಡಿದು ಕೂರುವುದರ ಹಿಂದೆಯೂ ಇದೇ ಕಾರಣವಿದೆ. ಆ ತೊಡಕನ್ನು ಬಿಡಿಸುವುದು ನನಗೆ ತುಂಬ ಪ್ರಿಯವಾದ ಕೆಲಸ. ಒಂದೇ ವಿಳಾಸಕ್ಕೆ ಬಡಿದಾಡುತ್ತಿರುವ ಉಪಕರಣಗಳು ಯಾವುವು ಎಂದು ಹುಡುಕುವುದು ಅದರಲ್ಲಿ ಅರ್ಧ ಭಾಗ ಮಾತ್ರ. ಅವಕ್ಕೆ ಆ ವಿಳಾಸ ಕೊಟ್ಟವರು ಯಾರು ಎಂದು ಹುಡುಕುವುದೇ ನಿಜವಾದ ಕಸುಬು ಎಂಬುದು ನನ್ನ ವಾದ.

ಕೊರತೆಯ ಮಾತನ್ನು ಮೊದಲು ಮುಗಿಸಿಬಿಡೋಣ. 32 ಬಿಟ್‌ಗಳ ಐಪಿ ವಿಳಾಸದಲ್ಲಿ ಒಟ್ಟು ಸುಮಾರು 429 ಕೋಟಿ ಸಂಖ್ಯೆಗಳಿವೆ. ಜಗತ್ತಿಗೆ ಅವು ಸಾಲಲಿಲ್ಲ. 2011ರ ಫೆಬ್ರವರಿಯಲ್ಲಿ ಕೇಂದ್ರ ಸಂಗ್ರಹದ ಕೊನೆಯ ಕಂತುಗಳೂ ಹಂಚಿಹೋದವು. ಹೀಗಾಗುವುದು ಬಹಳ ಮೊದಲೇ ಕಂಡಿದ್ದರಿಂದ, 1996ರ ಫೆಬ್ರವರಿಯ ಆರ್‌ಎಫ್‌ಸಿ 1918 ಎಂಬ ದಾಖಲೆ ಮೂರು ಸರಣಿಗಳನ್ನು ಖಾಸಗಿ ಬಳಕೆಗೆಂದು ಬಿಟ್ಟುಕೊಟ್ಟಿತ್ತು. 192.168 ಎಂದು ಶುರುವಾಗುವ, ನಮ್ಮ ಮನೆಗಳಲ್ಲೆಲ್ಲ ಕಾಣುವ ವಿಳಾಸಗಳು ಅದರಲ್ಲೊಂದು ಸರಣಿ. ಸಾಮಾನ್ಯವಾಗಿ ಒಂದು ಮನೆಯ ರೂಟರ್ ಇದರಲ್ಲಿ 254 ವಿಳಾಸಗಳನ್ನು ಬಳಸಬಹುದು. ಅರೆಕೆರೆಯ ಮೂರಂತಸ್ತಿನ ಮನೆಯನ್ನೇ ತೆಗೆದುಕೊಳ್ಳಿ. ಕೆಳಗೆ ಓನರ್, ಮೇಲೆ ಎರಡು ಬಾಡಿಗೆ ಸಂಸಾರ, ಎಲ್ಲರಿಗೂ ಮೆಟ್ಟಿಲ ಪಕ್ಕದಿಂದ ಎಳೆದ ಒಂದೇ ಬ್ರಾಡ್‌ಬ್ಯಾಂಡ್. ಫೋನು, ಲ್ಯಾಪ್‌ಟಾಪು, ಟಿವಿ, ಪ್ರಿಂಟರು, ಗೇಟಿನ ಕ್ಯಾಮೆರಾ ಎಲ್ಲ ಸೇರಿಸಿದರೂ ನಲವತ್ತು ದಾಟುವುದು ಕಷ್ಟ. ಇನ್ನೂರಕ್ಕೂ ಹೆಚ್ಚು ವಿಳಾಸ ಖಾಲಿ ಬಿದ್ದಿರುವಾಗ ಎರಡು ಉಪಕರಣಗಳು ಒಂದೇ ಸಂಖ್ಯೆಯ ಮೇಲೆ ಬಂದು ಬೀಳುತ್ತವೆ ಎಂದರೆ, ಹಂಚುವ ಕೈ ಎರಡಿವೆ ಎಂದೇ ಅರ್ಥ.

ಹೀಗೆ ಡಿಕ್ಕಿಯಾದಾಗ ಏನಾಗುತ್ತದೆ ಎಂಬುದನ್ನು ಸಾವಧಾನವಾಗಿ ನೋಡಬೇಕು. ನೆಟ್ ಪೂರ್ತಿ ಹೋಗುವುದಿಲ್ಲ. ವಿಡಿಯೋ ಕಾಲ್ ನಡುವೆ ನಿಲ್ಲುತ್ತದೆ, ತಾನಾಗಿಯೇ ಸರಿಹೋಗುತ್ತದೆ, ಮತ್ತೆ ನಿಲ್ಲುತ್ತದೆ. ವೈಫೈ ಗುರುತು ತುಂಬಿಯೇ ಇರುತ್ತದೆ. ಐಪಿ ವಿಳಾಸ ಗೊತ್ತಿದ್ದರೂ, ತಂತಿಯ ಮೇಲೋ ವೈಫೈಯಲ್ಲೋ ಮಾಹಿತಿ ತಲುಪಿಸಲು ಉಪಕರಣದ 48 ಬಿಟ್‌ಗಳ ಮ್ಯಾಕ್ ಸಂಖ್ಯೆ ಬೇಕು. ‘ಈ ಐಪಿ ಯಾರದು?’ ಎಂದು ಎಲ್ಲರಿಗೂ ಕೇಳುವಂತೆ ಕೂಗಿ, ಬಂದ ಉತ್ತರವನ್ನು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುವ ಎಆರ್‌ಪಿ ಎಂಬ ಕ್ರಮವನ್ನು ಡೇವಿಡ್ ಪ್ಲಮ್ಮರ್ 1982ರ ನವೆಂಬರಿನಲ್ಲಿ ರೂಪಿಸಿದರು. ಅದರ ಸರಳತೆ ಅದ್ಭುತ. ಆದರೆ ಉತ್ತರ ಕೊಟ್ಟವರ ಹಕ್ಕನ್ನು ಅದು ಪರಿಶೀಲಿಸುವುದಿಲ್ಲ. ಪಟ್ಟಿಯಲ್ಲಿ ಒಂದು ಐಪಿಗೆ ಒಂದೇ ಮ್ಯಾಕ್‌ಗೆ ಜಾಗ; ಕೊನೆಗೆ ಮಾತಾಡಿದವರ ಹೆಸರು ಉಳಿಯುತ್ತದೆ. ಲ್ಯಾಪ್‌ಟಾಪ್ ಮಾತಾಡಿದಾಗ ಉತ್ತರಗಳು ಅದಕ್ಕೆ ಬರುತ್ತವೆ. ಮರುಗಳಿಗೆ ಕ್ಯಾಮೆರಾ ಬಾಯಿಬಿಟ್ಟರೆ ಲ್ಯಾಪ್‌ಟಾಪಿಗೆ ಬರಬೇಕಾದ್ದೆಲ್ಲ ಕ್ಯಾಮೆರಾದ ಕಡೆ ಹರಿಯುತ್ತದೆ, ತನಗೆ ಸಂಬಂಧವಿಲ್ಲದ್ದೆಂದು ಅದು ಎಸೆದುಬಿಡುತ್ತದೆ. ಎರಡೂ ಸರದಿಯಂತೆ ಬದುಕುತ್ತವೆ, ಸರದಿಯಂತೆ ಸಾಯುತ್ತವೆ. ಆದ್ದರಿಂದಲೇ ಸಿಗ್ನಲ್ ದೌರ್ಬಲ್ಯದಿಂದ ಇದನ್ನು ಬೇರ್ಪಡಿಸುವುದು ಸುಲಭ. ಸಿಗ್ನಲ್ ಸಮಸ್ಯೆ ಜಾಗಕ್ಕೆ ಅಂಟಿಕೊಂಡಿರುತ್ತದೆ, ಅಡುಗೆಮನೆಯಿಂದ ಹಾಲ್‌ಗೆ ಬಂದರೆ ಹೋಗುತ್ತದೆ. ವಿಳಾಸದ ಜಗಳ ಹೊತ್ತಿಗೆ ಅಂಟಿಕೊಂಡಿರುತ್ತದೆ, ಯಾವ ಕೋಣೆಗೆ ಹೋದರೂ ಬೆನ್ನು ಬಿಡುವುದಿಲ್ಲ.

ಇಲ್ಲಿಂದ ಮುಂದಿನ ಪರೀಕ್ಷೆ ನನಗೆ ಎಷ್ಟು ಮಾಡಿದರೂ ಬೇಸರ ತರಿಸದ ಭಾಗ. ಅನುಮಾನವಿರುವ ಲ್ಯಾಪ್‌ಟಾಪನ್ನು ನೆಟ್‌ವರ್ಕಿನಿಂದ ಬಿಡಿಸಿ, ಮೂರನೆಯ ಯಂತ್ರವೊಂದರಿಂದ ಅದರ ಐಪಿಗೆ ಪಿಂಗ್ ಮಾಡಬೇಕು. ಬಿಡಿಸಿಟ್ಟ ಯಂತ್ರದ ವಿಳಾಸದಿಂದ ಉತ್ತರ ಬಂತೆಂದರೆ ಇನ್ನೊಬ್ಬರು ಅಲ್ಲಿದ್ದಾರೆ. ಬರಲಿಲ್ಲವೆಂದು ಅಲ್ಲಿಗೇ ನಿಲ್ಲಬಾರದು, ಪಿಂಗ್‌ಗೆ ಮೌನವಾಗಿರುವ ಉಪಕರಣಗಳೂ ಇವೆ. ಅವು ಕೂಡ ಎಆರ್‌ಪಿ ಕೂಗಿಗೆ ಓಗೊಡಲೇಬೇಕು. ‘ಎಆರ್‌ಪಿ -ಎ’ ಆಜ್ಞೆ ಕೊಟ್ಟರೆ ಮ್ಯಾಕ್ ಸಂಖ್ಯೆ ಕಣ್ಣಿಗೆ ಬೀಳುತ್ತದೆ. ಹನ್ನೆರಡು ಅಕ್ಷರಗಳ ಆ ಸಂಖ್ಯೆಯನ್ನು ಓದಲು ಕಲಿತವರಿಗೆ ಅದು ಬಹಳಷ್ಟು ಹೇಳುತ್ತದೆ. ಮೊದಲ ಆರು ಅಕ್ಷರಗಳನ್ನು ಐಇಇಇ ಸಂಸ್ಥೆ ತಯಾರಕರಿಗೆ ಹಂಚಿರುತ್ತದೆ, ಆ ಪಟ್ಟಿ ಸಾರ್ವಜನಿಕವಾಗಿ ಸಿಗುತ್ತದೆ. ಪ್ರಿಂಟರೋ ಕ್ಯಾಮೆರಾವೋ ಎಂಬ ಸುಳಿವು ಅಲ್ಲಿಯೇ ಸಿಕ್ಕಿಬಿಡುತ್ತದೆ. ಎರಡನೆಯ ಅಕ್ಷರ 2, 6, ಎ, ಇ ಇವುಗಳಲ್ಲೊಂದಾಗಿದ್ದರೆ ಅದು ತಯಾರಕರು ಕೊಟ್ಟದ್ದಲ್ಲ, ಉಪಕರಣ ತಾನೇ ಕಟ್ಟಿಕೊಂಡದ್ದು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದೀಚೆಗೆ ಫೋನುಗಳು ಗೌಪ್ಯತೆಗಾಗಿ ಹೀಗೆ ಮಾಡುತ್ತವೆ, ಹಾಗಾಗಿ ಹುಡುಕಾಟ ಫೋನುಗಳ ಕಡೆ ತಿರುಗುತ್ತದೆ. ಒಂದೇ ಒಂದು ಅಕ್ಷರ ಮನೆಯ ಅರ್ಧ ಉಪಕರಣಗಳನ್ನು ಅನುಮಾನದಿಂದ ಬಿಡುಗಡೆ ಮಾಡುತ್ತದೆ!

ಇಷ್ಟಾದರೆ ಹಿಡಿದವರು ಸಿಕ್ಕರು. ಕೊಟ್ಟವರನ್ನು ಹುಡುಕಲು ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್ /ಆಲ್’ ಎಂಬ ಆಜ್ಞೆ ಇದೆ. ಅದು ತೋರಿಸುವ ಹತ್ತಾರು ಸಾಲುಗಳಲ್ಲಿ ಡಿಎಚ್‌ಸಿಪಿಯ ಸಾಲುಗಳನ್ನು ಬಹಳ ಜನ ದಾಟಿಹೋಗುತ್ತಾರೆ, ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ವಿಳಾಸ ಹಂಚುವ ಈ ವ್ಯವಸ್ಥೆ ಮೊದಲು ದಾಖಲಾದದ್ದು 1993ರಲ್ಲಿ. ಈಗ ಬಳಕೆಯಲ್ಲಿರುವುದು 1997ರ ರೂಪ. ಡಿಎಚ್‌ಸಿಪಿ ಇಲ್ಲ ಎಂದಿದ್ದರೆ ಆ ವಿಳಾಸವನ್ನು ಕೈಯಾರೆ ಬರೆದದ್ದು, ಯಾರೋ ಮನುಷ್ಯರೇ ಕೊಟ್ಟದ್ದು. ಇದೆ ಎಂದಿದ್ದರೆ ಕೊಟ್ಟ ಸರ್ವರಿನ ವಿಳಾಸ, ಕೊಟ್ಟ ಸಮಯ, ವಾಯಿದೆ ಮುಗಿಯುವ ಸಮಯ ಎಲ್ಲ ಬರೆದಿರುತ್ತದೆ. ಆದರೆ ಅರೆಕೆರೆಯಂಥ ಕಡೆ ಪದೇಪದೇ ಕಾಣುವ ಸನ್ನಿವೇಶವೊಂದರಲ್ಲಿ ಆ ಸಾಲು ಕೂಡ ದಾರಿ ತಪ್ಪಿಸುತ್ತದೆ. ಮೇಲಿನ ಮನೆಯವರು ವೈಫೈ ಸಾಲದೆಂದು ಹಳೆಯ ರೂಟರ್ ತಂದು, ಕೆಳಗಿನಿಂದ ಬಂದ ತಂತಿಯನ್ನು ಅದರ ವ್ಯಾನ್ ಕಿಂಡಿಯ ಬದಲು ಲ್ಯಾನ್ ಕಿಂಡಿಗೆ ಸಿಕ್ಕಿಸುತ್ತಾರೆ. ಕಂಪನಿಯ ಪೆಟ್ಟಿಗೆಯೂ 192.168.1.1, ಇದೂ 192.168.1.1. ಎರಡೂ ಒಂದೇ ಕೊಠಾರದಿಂದ ವಿಳಾಸ ಹಂಚುತ್ತವೆ, ಹಂಚುವವರ ವಿಳಾಸವೇ ಒಂದಾಗಿಬಿಟ್ಟಿರುತ್ತದೆ. ಆಗ 192.168.1.1ರ ಮ್ಯಾಕ್ ಸಂಖ್ಯೆಯನ್ನು ಬಿಟ್ಟು ಬಿಟ್ಟು ಕೆಲವು ಸಲ ನೋಡಿ, ರೂಟರುಗಳ ಹೊಟ್ಟೆಯಡಿಯ ಚೀಟಿಗೆ ಹೋಲಿಸಬೇಕು. ಕೊನೆಯ ಅಂಕಿಯಲ್ಲಿ ಒಂದೆರಡರ ವ್ಯತ್ಯಾಸವಿದ್ದರೆ ಚಿಂತೆಯಿಲ್ಲ, ಒಂದೇ ಪೆಟ್ಟಿಗೆಯ ಬೇರೆ ಬೇರೆ ಕಿಂಡಿಗಳಿಗೆ ಅಕ್ಕಪಕ್ಕದ ಸಂಖ್ಯೆಗಳಿರುತ್ತವೆ. ಪರಿಹಾರ ಎರಡು ನಿಮಿಷದ್ದು: ಎರಡನೇ ರೂಟರಿನ ಡಿಎಚ್‌ಸಿಪಿ ನಿಲ್ಲಿಸಿ, ಅದರ ಸ್ವಂತ ವಿಳಾಸವನ್ನು ಹಂಚಿಕೆಯ ಹೊರಗಿನ ಬೇರೊಂದಕ್ಕೆ ಬದಲಿಸುವುದು.

ಉಳಿದ ಕಾರಣಗಳನ್ನು ಇಟ್ಟು ನೋಡಿದರೂ ನನ್ನ ವಾದ ನಿಲ್ಲುತ್ತದೆ. ದಾಹುವಾ ಕ್ಯಾಮೆರಾಗಳು ಕಾರ್ಖಾನೆಯಿಂದ 192.168.1.108 ಎಂಬ ವಿಳಾಸ ಹೊತ್ತು ಬರುತ್ತವೆ. ಅನೇಕ ರೂಟರುಗಳು ಹಂಚುವುದು 100ರಿಂದ 199ರವರೆಗೆ. ಹಾಕಿಹೋದವರು ಬದಲಾಯಿಸದಿದ್ದರೆ ಕಾರ್ಖಾನೆಯೂ ರೂಟರೂ ಸೇರಿ ಇಬ್ಬರು ಹಂಚಿಕೆದಾರರಾದರು. ಕರೆಂಟು ಹೋಗಿ ಬಂದಾಗ ಆಗುವುದು ಇನ್ನೂ ಸೂಕ್ಷ್ಮ. ಕಂಪ್ಯೂಟರು ಮತ್ತು ನಡುವಿನ ಸ್ವಿಚ್ಚು ಯುಪಿಎಸ್ ಮೇಲಿವೆ, ರೂಟರ್ ಇಲ್ಲ ಎಂದಿಟ್ಟುಕೊಳ್ಳಿ. ತಂತಿ ಜೀವಂತವಿರುವುದರಿಂದ ರೂಟರ್ ಸತ್ತು ಹುಟ್ಟಿದ್ದು ಕಂಪ್ಯೂಟರಿಗೆ ತಿಳಿಯುವುದೇ ಇಲ್ಲ, ಅದು ಹಳೆಯ ವಿಳಾಸದಲ್ಲೇ ಇರುತ್ತದೆ. ಹಂಚಿಕೆಯ ಲೆಕ್ಕವನ್ನು ತಾತ್ಕಾಲಿಕ ಮೆಮೊರಿಯಲ್ಲಷ್ಟೇ ಇಡುವ ರೂಟರ್ ಅದೇ ವಿಳಾಸವನ್ನು ಬೇರೆ ಫೋನಿಗೆ ಕೊಡಬಹುದು. ಪೆಟ್ಟಿಗೆ ಒಂದೇ ಆದರೂ ಹಂಚಿದವರು ಇಬ್ಬರು: ಕರೆಂಟು ಹೋಗುವ ಮೊದಲಿನ ರೂಟರ್, ಬಂದ ಮೇಲಿನ ರೂಟರ್.

‘ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದಲ್ಲ, ಇಷ್ಟೆಲ್ಲ ಯಾಕೆ?’ ಎಂದು ಕೇಳುವವರಿದ್ದಾರೆ. ಸರಿಹೋಗುತ್ತದೆ, ನಿಜ. ಲ್ಯಾಪ್‌ಟಾಪ್ ಬೇರೆ ವಿಳಾಸ ಪಡೆದು ಕೆಲಸ ಶುರುಮಾಡುತ್ತದೆ. ಆದರೆ ಕ್ಯಾಮೆರಾ 108ರಲ್ಲೇ ಇರುತ್ತದೆ, 108 ರೂಟರಿನ ಹಂಚಿಕೆಯಲ್ಲೇ ಇರುತ್ತದೆ. ಮುಂದಿನ ಸಲ ಅದು ಬೀಳುವುದು ನೆಂಟರ ಫೋನಿನ ಮೇಲೆ. ರೂಟರನ್ನೇ ರೀಸ್ಟಾರ್ಟ್ ಮಾಡುವುದಂತೂ ಕರೆಂಟು ಹೋಗಿಬಂದಂತೆಯೇ, ಹೊಸ ಡಿಕ್ಕಿಗೆ ಎಡೆಮಾಡಬಹುದು. ಇನ್ನೊಂದು ಆಕ್ಷೇಪಣೆಗೆ ತೂಕ ಹೆಚ್ಚು: ಈಗಿನ ಯಂತ್ರಗಳೇ ಇದನ್ನು ತಡೆಯುವುದಿಲ್ಲವೇ? 1997ರ ಡಿಎಚ್‌ಸಿಪಿ ದಾಖಲೆಯೇ, ಬಳಸಿದ ವಿಳಾಸವನ್ನು ಮತ್ತೆ ಕೊಡುವ ಮುನ್ನ ಪರೀಕ್ಷಿಸಿ ನೋಡಬೇಕೆಂದು ಸರ್ವರಿಗೆ ಹೇಳುತ್ತದೆ. ಪಡೆದವರು ಅಲ್ಲಿ ಇನ್ನೊಬ್ಬರನ್ನು ಕಂಡರೆ ‘ಬೇಡ’ ಎಂದು ಹಿಂದಿರುಗಿಸಬೇಕು. ಸ್ಟುವರ್ಟ್ ಚೆಷೈರ್ ಬರೆದ 2008ರ ಆರ್‌ಎಫ್‌ಸಿ 5227, ವಿಳಾಸ ಬಳಸುವ ಮುನ್ನ ಎಆರ್‌ಪಿಯಿಂದ ವಿಚಾರಿಸುವ ಕ್ರಮವನ್ನು ಬಹಳ ಸೊಗಸಾಗಿ ಬಿಡಿಸಿ ಹೇಳಿದೆ. ಇವೆಲ್ಲ ಇರುವುದರಿಂದಲೇ ನಮ್ಮ ಮನೆಗಳಲ್ಲಿ ಜಗಳ ಇಷ್ಟು ಅಪರೂಪ ಎಂದು ನಾನೂ ಒಪ್ಪುತ್ತೇನೆ. ಆದರೂ ಈ ವಿಚಾರಣೆ ಅಲ್ಲಿ ಎದ್ದಿರುವವರನ್ನು ಮಾತ್ರ ಕಂಡುಹಿಡಿಯಬಲ್ಲದು. ಆಫ್ ಆಗಿರುವ ಪ್ರಿಂಟರಿಗೆ ಕೈಯಾರೆ ಬರೆದ ವಿಳಾಸವಿದ್ದರೆ ರೂಟರಿನ ಪ್ರಶ್ನೆಗೆ ಉತ್ತರ ಬರುವುದಿಲ್ಲ, ವಿಳಾಸ ಬೇರೆಯವರ ಪಾಲಾಗುತ್ತದೆ, ಆಮೇಲೆ ಯಾರೋ ಪ್ರಿಂಟರ್ ಆನ್ ಮಾಡುತ್ತಾರೆ. ಡಿಕ್ಕಿಯನ್ನು ಗುರುತಿಸುವುದು ಒಂದು, ಎರಡು ಕೈಗಳ ಹಂಚಿಕೆಯನ್ನು ನಿಲ್ಲಿಸುವುದು ಇನ್ನೊಂದು.

ಪಿಜಿಗಳ ಉದಾಹರಣೆ ಕೊಟ್ಟು ಕೊರತೆಯ ವಾದವನ್ನು ಮತ್ತೆ ಎತ್ತಬಹುದು. ಬಿಟಿಎಂನಿಂದ ಅರೆಕೆರೆಯವರೆಗೆ ಅವು ಸಾಲುಸಾಲಾಗಿವೆ, ಒಂದೊಂದರಲ್ಲೂ ಹತ್ತಾರು ಜನ, ಒಬ್ಬೊಬ್ಬರ ಬಳಿ ಎರಡು ಮೂರು ಉಪಕರಣ. ಅಲ್ಲಿ ನೂರು ವಿಳಾಸಗಳ ಹಂಚಿಕೆ ಖಾಲಿಯಾಗುವುದು ಖಂಡಿತ ಸಾಧ್ಯ. ಆದರೆ ಆ ಕಾಯಿಲೆಯ ಲಕ್ಷಣವೇ ಬೇರೆ. ಒಬ್ಬನೇ ಹಂಚಿಕೆದಾರನ ಕೈ ಬರಿದಾದರೆ ಹೊಸಬರಿಗೆ ವಿಳಾಸ ಸಿಗುವುದೇ ಇಲ್ಲ. ವಿಂಡೋಸ್ ಮತ್ತು ಮ್ಯಾಕ್ ಯಂತ್ರಗಳು 169.254 ಎಂದು ಶುರುವಾಗುವ ವಿಳಾಸವನ್ನು ತಾವೇ ಹಾಕಿಕೊಂಡು ಕೂರುತ್ತವೆ. ಆ ಸಂಖ್ಯೆ ಕಂಡರೆ ಕೊಡುವವರು ಯಾರೂ ಸಿಗಲಿಲ್ಲ ಎಂದು ತಿಳಿಯಬೇಕು. ವಾಯಿದೆ ಕಡಿಮೆ ಮಾಡಿ, ಹಂಚಿಕೆ ಹಿಗ್ಗಿಸಿದರೆ ಗುಣವಾಗುತ್ತದೆ. ವಿಳಾಸದ ಜಗಳಕ್ಕೆ ಈ ಔಷಧಿ ಕೊಟ್ಟರೆ ಕೇಡೇ ಹೆಚ್ಚು, ಹಂಚಿಕೆ ಹಿಗ್ಗಿದಷ್ಟೂ ಕೈಯಾರೆ ಬರೆದ ವಿಳಾಸಗಳನ್ನು ಅದು ನುಂಗುತ್ತ ಹೋಗುತ್ತದೆ.

ಹಾಗಾಗಿ ನನಗೆ ಅತ್ಯಂತ ತೃಪ್ತಿ ಕೊಡುವ ದುರಸ್ತಿಯೆಂದರೆ ಉಪಕರಣಗಳಲ್ಲಿ ವಿಳಾಸ ಬರೆಯುವ ಅಭ್ಯಾಸವನ್ನೇ ಬಿಡಿಸುವುದು. ಪ್ರಿಂಟರಿಗೂ ಕ್ಯಾಮೆರಾಕ್ಕೂ ಸ್ಥಿರ ವಿಳಾಸ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ರೂಟರಿನಲ್ಲಿಯೇ ರಿಸರ್ವೇಷನ್ ಎಂದು ಬರೆದರೆ, ಈ ಮ್ಯಾಕ್‌ಗೆ ಸದಾ ಈ ವಿಳಾಸ ಎಂಬ ಲೆಕ್ಕ ಒಂದೇ ಕಡೆ ಉಳಿಯುತ್ತದೆ. ರೂಟರ್ ಬದಲಾದ ದಿನ ಈ ಲೆಕ್ಕವೂ ಅಳಿಸಿಹೋಗುತ್ತದೆ, ಬಾಡಿಗೆದಾರರು ಬದಲಾದರೆ ಹೇಳುವವರೂ ಇರುವುದಿಲ್ಲ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಅದಕ್ಕೆ ಕಾಗದವೇ ಮದ್ದು. ಉಪಕರಣ, ಮ್ಯಾಕ್, ವಿಳಾಸ ಎಂಬ ಮೂರು ಅಂಕಣಗಳ ಒಂದು ಹಾಳೆಯನ್ನು ರೂಟರಿನ ಪಕ್ಕದ ಗೋಡೆಗೆ ಅಂಟಿಸಿದರೆ ಸಾಕು. ಇನ್ನು ಐಪಿವಿ6 ಬಂದರೆ ಎಲ್ಲವೂ ಮುಗಿಯುತ್ತದೆ ಎನ್ನುವವರ ಮಾತು ಅರ್ಧ ಸರಿ. 128 ಬಿಟ್‌ಗಳ ಅದರಲ್ಲಿ ಸಾಮಾನ್ಯವಾಗಿ ಪ್ರತಿ ಉಪಕರಣವೂ ತನ್ನ ವಿಳಾಸವನ್ನು ತಾನೇ ಕಟ್ಟಿಕೊಂಡು, ಇನ್ನೊಬ್ಬರದಾಗಿಲ್ಲವೆಂದು ವಿಚಾರಿಸಿಕೊಂಡು ಬಳಸುತ್ತದೆ. ಡಿಕ್ಕಿ ಹೊಡೆಯುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಆದರೆ ವಿಳಾಸದ ಮೊದಲರ್ಧವನ್ನು ಸಾರುವುದು ರೂಟರೇ. ತಪ್ಪಾಗಿ ಸಿಕ್ಕಿಸಿದ ಇನ್ನೊಂದು ರೂಟರ್ ಕೂಡ ಸಾರತೊಡಗಿದರೆ ಉಪಕರಣಗಳು ಎರಡನ್ನೂ ನಂಬುತ್ತವೆ. 2011ರ ಆರ್‌ಎಫ್‌ಸಿ 6104 ಇಡೀ ಬರೆದದ್ದೇ ಈ ತೊಂದರೆಯ ಬಗ್ಗೆ. ಮನೆಯ ಹಳೆಯ ಪ್ರಿಂಟರು, ಡಿವಿಆರ್‌ಗಳಂತೂ ಐಪಿವಿ4ರಲ್ಲೇ ಇನ್ನೂ ಬಹಳ ಕಾಲ ಮಾತಾಡುತ್ತವೆ. ಯಾವ ಕಾಲದ ವಿಳಾಸವಾದರೂ ಮೂರಂತಸ್ತಿನ ಮನೆಯಲ್ಲಿ ನೆಟ್ ಬಂದು ಹೋಗಿ ಮಾಡುತ್ತಿದ್ದರೆ, ಮೇಲಿನ ಮಹಡಿಯ ಎರಡನೇ ರೂಟರಿನಿಂದ ತಂತಿ ಕಿತ್ತು ಹತ್ತು ನಿಮಿಷ ಕಾದು ನೋಡುವುದು ಮೊದಲ ಪರೀಕ್ಷೆ.